ನೀಲಿಗಟ್ಟಿದ ತುಟಿ

"ಅಪ್ಪನಿಗೆ ಕುಡಿಸಿದೋರು ಯಾರು ಅಂತ ಕಂಡುಹಿಡೀರಿ ಮೇಷ್ಟ್ರೇ. ನನಗೆ ಮಾತು ಕೊಟ್ಟು ಐದು ವರ್ಷದಿಂದ ಒಂದು ತೊಟ್ಟೂ ಮುಟ್ಟಿರಲಿಲ್ಲ."

ಬಣ್ಣದ ಕಾರ್ಖಾನೆಯ ಔಷಧಾಲಯದಲ್ಲಿ ನಿಂತಿದ್ದ, ಅಲ್ಲಿನ ಕೆಲಸಗಾರನೊಬ್ಬನ ಮಗಳ ಕಣ್ಣು ಅತ್ತೂ ಅತ್ತೂ ಊದಿದ್ದವು. ಹಿಂದಿನ ಸಂಜೆ ಅಪ್ಪ ತೊದಲುತ್ತ, ತೂರಾಡುತ್ತ ಬಂದಿದ್ದ. ಮೈಯೆಲ್ಲ ಸಾರಾಯಿ ನಾತ. ಸಿಟ್ಟಿನಲ್ಲಿ ಅವಳು ಬಾಗಿಲು ಹಾಕಿಕೊಂಡಳು. ಬೆಳಿಗ್ಗೆ ನೋಡಿದರೆ ಮೆಟ್ಟಿಲ ಮೇಲೆ ಹೆಣವಾಗಿದ್ದ. ಔಷಧಾಲಯದ ಕಾಂಪೌಂಡರ್ ಅವಳಿಗೆ ಸ್ಟೂಲು ಎಳೆದು ಕೊಟ್ಟ. ಪ್ರಯೋಗಶಾಲೆಯ ಮೇಷ್ಟ್ರ ಜೊತೆ ಇಂಥ ಎಷ್ಟೋ ಒಗಟು ಬಿಡಿಸಿದ್ದ. ಇಂಥ ಸಂಕಟ ಕಂಡಿರಲಿಲ್ಲ.

"ಆ ಗೇಟಿನ ಕಾವಲುಗಾರನದೇ ಕೆಲಸ. ಇಬ್ಬರದೂ ಹಳೇ ಕುಡುಕ ಜೋಡಿ," ಎಂದ ಅಪ್ಪ ಕೆಲಸ ಮಾಡುತ್ತಿದ್ದ ಶೆಡ್ಡಿನ ಮೇಸ್ತ್ರಿ. "ನಮ್ಮಲ್ಲಿ ವಾರದಿಂದ ಅನಿಲಿನ್ ಪಾತ್ರೆ ಬಿಸೀನೇ ಮಾಡಿಲ್ಲ."

ಮೇಷ್ಟ್ರು ಹೆಣ ನೋಡಿದರು. ತುಟಿ, ಉಗುರು ನೀಲಿಗಟ್ಟಿದ್ದವು. ಸಾರಾಯಿ ನಾತ ಅಂಗಿಯ ಬೆನ್ನಿನಲ್ಲಿತ್ತು. ಎಡಗಾಲಿನ ಬೂಟಿನಲ್ಲಿ ಕಂದುಬಣ್ಣದ ಎಣ್ಣೆಕಲೆ. ಆಮೇಲೆ ಶೆಡ್ಡಿನ ಹಿಂದೆ ಸುರಿದಿದ್ದ ಕಬ್ಬಿಣದ ಕಪ್ಪು ಕೆಸರಿಗೆ ಕಡ್ಡಿ ಚುಚ್ಚಿದರು. ಒಳಗಿನ್ನೂ ಬೆಚ್ಚಗಿತ್ತು.

ಮಧ್ಯಾಹ್ನ ಮಗಳು, ಕಾವಲುಗಾರ, ಮೇಸ್ತ್ರಿ ಮೂವರನ್ನೂ ಪ್ರಯೋಗಶಾಲೆಗೆ ಕರೆಸಿದರು. ಕಾಂಪೌಂಡರನೂ ಬಂದ. ಬೂಟಿನ ಕಲೆಯ ಮೇಲೆ ಬ್ಲೀಚಿಂಗ್ ಪೌಡರಿನ ನೀರು ಹನಿಸಿದರು. ಕಲೆ ನೇರಳೆಯಾಯಿತು.

"ಇದು ಅನಿಲಿನ್. ಆಗತಾನೇ ಭಟ್ಟಿ ಇಳಿಸಿದಾಗ ನೀರಿನಂತಿರುತ್ತೆ, ಗಾಳಿಗೆ ಕಂದಾಗುತ್ತೆ. ಬಣ್ಣಕ್ಕೂ ರಬ್ಬರಿಗೂ ಬೇಕೇ ಬೇಕು. ಚರ್ಮಕ್ಕಿಳಿದರೆ ಮಾತ್ರ ರಕ್ತ ಕೆಡಿಸುತ್ತೆ. ತುಟಿ ನೀಲಿಗಟ್ಟುತ್ತೆ, ಮನುಷ್ಯ ಕುಡಿದವನ ಹಾಗೇ ತೂರಾಡ್ತಾನೆ. ನೈಟ್ರೋಬೆಂಜೀನಿಗೆ ಕಬ್ಬಿಣದ ಪುಡಿ, ಆಮ್ಲ ಹಾಕಿ ಇದನ್ನ ಮಾಡೋದು. ಉಳಿಯೋದು ಆ ಕಪ್ಪು ಕೆಸರು. ಮೇಸ್ತ್ರಿ ಹೇಳಿದ ಹಾಗೆ ವಾರದ ಹಿಂದಿನದಾಗಿದ್ರೆ ಎಂದೋ ತಣ್ಣಗಾಗಿರ್ತಿತ್ತು. ಇನ್ನು ಸಾರಾಯಿ! ಕುಡಿಯೋನು ಎದೆ ಮೇಲೆ ಚೆಲ್ಲಿಕೊಂಡಾನು, ಬೆನ್ನ ಮೇಲೆ ಹೇಗಯ್ಯಾ ಚೆಲ್ಲಿಕೊಳ್ತಾನೆ? ಹಿಂದಿನಿಂದ ಎರಚಿದ್ದು ನೀನೇ, ಮೇಸ್ತ್ರಿ."

ಮೇಸ್ತ್ರಿ ಒಪ್ಪಿಕೊಂಡ. "ಬೂಟೊಳಗೆ ಚೆಲ್ತು, ಸ್ನಾನ ಮಾಡಿ ಬರ್ತೀನಿ ಅಂದ. ಅರ್ಧಕ್ಕೆ ಬಿಟ್ರೆ ಪೂರ್ತಿ ಪಾಕ ಕೆಡ್ತಿತ್ತು, ತಡೆದೆ. ಸಂಜೆ ತೂರಾಡೋಕೆ ಶುರು ಮಾಡಿದ, ಭಯ ಆಯ್ತು, ಕುಡಿದಿದ್ದಾನೆ ಅಂತ ಜನ ಅಂದ್ಕೊಳ್ಲಿ ಅಂತ ಎರಚಿದೆ... ಸಾಯ್ತಾನೆ ಅಂತ ದೇವರಾಣೆ ಗೊತ್ತಿರಲಿಲ್ಲ."

"ಪಾಪಿ! ನನ್ನ ಗೆಳೆಯನ್ನ ಕೊಂದು ಅವನ ಹೆಸರಿಗೂ ಮಸಿ ಬಳಿದ್ಯಲ್ಲೋ," ಎಂದು ಕಾವಲುಗಾರ ಗೋಳಾಡಿದ.

ಮಗಳು ಮಾತ್ರ ಅಳಲಿಲ್ಲ. "ಹಾಗಾದ್ರೆ ಅಪ್ಪ ಮಾತು ತಪ್ಪಿರಲಿಲ್ಲ," ಎಂದಳು. ಆಮೇಲೆ ಕಾಂಪೌಂಡರನ ಕಡೆ ತಿರುಗಿ ಕೇಳಿದಳು: "ನಾನು ಬಾಗಿಲು ತೆಗೆದು ಔಷಧಾಲಯಕ್ಕೆ ಕರ್ಕೊಂಡು ಬಂದಿದ್ರೆ ಉಳೀತಿದ್ರಾ?"

ಮೈ ತೊಳೆದು, ಆಮ್ಲಜನಕ ಕೊಟ್ಟು ಹೀಗೆ ನೀಲಿಗಟ್ಟಿದ ಇಬ್ಬರನ್ನು ಹಿಂದೆ ಕಾಂಪೌಂಡರನೇ ಬದುಕಿಸಿದ್ದ.

"ಇಲ್ಲಮ್ಮಾ," ಎಂದ ಅವನು, "ಅಷ್ಟೊತ್ತಿಗೆ ಕೈ ಮೀರಿತ್ತು."

ಅವಳು ಅವನ ಮುಖವನ್ನೇ ನೋಡಿದಳು.

"ನಿಮಗೆ ಸುಳ್ಳು ಹೇಳೋಕೆ ಬರಲ್ಲ ಅಣ್ಣಾ," ಎಂದು ಬಿಕ್ಕಿ ಬಿಕ್ಕಿ ಅತ್ತಳು.