ಬಾಳೆಕಂದಿಲ್ಲದ ಚಪ್ಪರ

"ಬಾಳೆಕಂದು ಕಟ್ಟಂಗಿಲ್ಲ."

ಖಾಕಿ ಅಂಗಿಯವನು ಇಷ್ಟೇ ಹೇಳಿ ಚಪ್ಪರದ ಸುತ್ತ ನಡೆಯತೊಡಗಿದ. ಗುಂಡ್ಲುಪೇಟೆಯ ಆಚೆ, ಕಾಡಂಚಿನ ಚಿಕ್ಕಪ್ಪನ ತೋಟದಲ್ಲಿ ಮರುದಿನ ತಂಗಿ ವನಿತಾಳ ಮದುವೆ. ಅಲಂಕಾರದ ಹೊಣೆ ನನ್ನದು. ಆನೆ ಬಾರದಂತೆ ನೋಡುವ ಹೊಣೆ ಅವನದು. ಹೆಸರು ಕನಕರಾಜು, ಅರಣ್ಯ ಇಲಾಖೆಯ ಆನೆ ಕಾವಲಿನವನು.

"ಕಂದಿಲ್ಲದ ಚಪ್ಪರ ಎಲ್ಲಾದ್ರೂ ನೋಡಿದ್ದೀರಾ ಸಾರ್?"

"ಬಾಳೆ ವಾಸ್ನೆ ಅಂದ್ರೆ ಆನೆಗೆ ಲಗ್ನಪತ್ರಿಕೆ ಕೊಟ್ಟಂಗೆ ಮೇಡಂ. ಸಂಸಾರ ಸಮೇತ ಬತ್ತವೆ."

ನಗು ಬಂತು, ತೋರಿಸಲಿಲ್ಲ. ಅವನು ಅಡುಗೆ ಒಲೆಯನ್ನು ರಸ್ತೆ ಕಡೆಗೆ ಸರಿಸಿದ, ಜನ ಹೊರಹೋಗಲು ಇನ್ನೊಂದು ದಾರಿ ಬಿಡಿಸಿದ. ಹುಬ್ಬಿನ ಮೇಲೆ ಚೆಂಡುಹೂವಿನ ಎಸಳೊಂದು ಅಂಟಿತ್ತು. ಹೇಳಲಿಲ್ಲ. ಚೆನ್ನಾಗಿತ್ತು.

ಅಜ್ಜಿ ಚಿಕ್ಕನಿಂಗಮ್ಮನ ಮುಖ ಮಾತ್ರ ಬಾಡಿತು. "ಬಾಗ್ಲಲ್ಲಿ ಬಾಳೆ ಇಲ್ದಿದ್ರೆ ವಂಶ ಬೆಳೆಯೋದೆಂಗೆ ಸುಧಾಮಣಿ?"

ಅವಳ ಕಥೆ ಕೇಳಿ ಬೆಳೆದವಳು ನಾನು. ಸಂಜೆ ಎರಡು ಕಂದು ತರಿಸಿ, ತೆಂಗಿನ ಗರಿಯಲ್ಲಿ ಮುಚ್ಚಿ, ಬಾಗಿಲಿಗೆ ಕಟ್ಟಿಬಿಟ್ಟೆ.

ಕನಕರಾಜು ಬಂದ. ಗರಿ ಸರಿಸಿ ನೋಡಿದ. ಬಯ್ಯಲಿಲ್ಲ.

"ಹೋದ್ ವರ್ಸ ಇಂಗೇ ಒಂದು ಮದ್ವೇಲಿ ಕಂದು ಕಟ್ಟಿದ್ರು. ಆನೆ ನುಗ್ಗಿ ನನ್ ಜೊತೆಗಾರನ ಕಾಲು ಮುರೀತು. ಇವತ್ತು ರಾತ್ರಿ ಈ ಬಾಗ್ಲು ಕಾಯೋನು ನಾನು, ಸುಧಾಮಣಿ."

ಮೇಡಂ ಎನ್ನಲಿಲ್ಲ.

ಗಂಟು ಬಿಚ್ಚಲು ನನ್ನ ಕೈಯೇ ಮುಂದಾಯಿತು. ಅವನೂ ಕೈಹಾಕಿದ. ಒದ್ದೆ ಹಗ್ಗದ ಮೇಲೆ ಬೆರಳಿಗೆ ಬೆರಳು ತಾಗಿತು. ಆಮೇಲೆ ಆ ಗಂಟು ಬಿಚ್ಚಲು ಇಬ್ಬರಿಗೂ ಆತುರವಿರಲಿಲ್ಲ.

ಕಂದುಗಳು ಜೀಪಿನಲ್ಲಿ ಪೇಟೆಗೆ ಹೋದವು. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ನೋಡಿದರೆ ಬಾಗಿಲ ಎರಡೂ ಬದಿ ನೆಲದ ಮೇಲೆ ಹಸಿರು ರಂಗೋಲಿ. ಪಕ್ಕದಲ್ಲಿ ನಿದ್ದೆಗೆಟ್ಟ ಕನಕರಾಜು, ಕೈಯೆಲ್ಲ ಹಸಿರು.

"ಇದೇನು, ಪೊರಕೆನಾ?"

"ಬಾಳೆಕಂದು ಕಣ್ರೀ! ಆನೆಗೆ ಗುರ್ತು ಸಿಗ್ಬಾರ್ದು ಅಂತ ಅಂಗೆ ಬರ್ದೆ."

ಅಜ್ಜಿ ಬಂದು ಬಗ್ಗಿ ನೋಡಿದಳು. ಅವಳು ಬಟ್ಟಲಿನಿಂದ ಅರಿಶಿನ ತೆಗೆದು ಎರಡಕ್ಕೂ ಒಂದೊಂದು ಗೊನೆ ಬರೆದಳು.

"ಈಗ ಆಯ್ತು ಬುಡು. ಗೊನೆ ಇಲ್ದೆ ಅದ್ಯಾವ ಬಾಳೆ ಕಣ್ಲಾ?"

ಧಾರೆ ಮುಗಿಯಿತು. ಆನೆ ಬರಲಿಲ್ಲ. ಜೀಪ್ ಹತ್ತುವ ಮುನ್ನ ಕನಕರಾಜು ತಿರುಗಿ ನಿಂತ.

"ನಿಮ್ಮೂರು ಯಾವ್ದು?"

"ಕುದೇರು. ಯಾಕೆ?"

"ಅಲ್ಲಿ ಆನೆ ಭಯ ಇಲ್ವಲ್ಲ..." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನೀವು ಒಪ್ಪಿದ್ರೆ ನಮ್ ಮದ್ವೆಗೆ ನಿಜವಾದ ಕಂದೇ ಕಟ್ಸನ ಅಂತ."

ಉತ್ತರಕ್ಕೆ ಮೊದಲು ಅವನ ಹುಬ್ಬಿನ ಮೇಲೆ ಒಣಗಿದ್ದ ಆ ಎಸಳನ್ನು ತೆಗೆದೆ.

"ಕಟ್ಸನ. ರಂಗೋಲಿದೂ ಇರ್ಲಿ," ಎಂದೆ. "ಪೊರಕೆ ಥರದ್ದೇ."