ಏನೂ ಹಾಕದ ಟ್ಯೂಬು

ಎರಡು ಮಂಗಳವಾರ ಕಳೆದರೂ ಅವನು ಇವಳ ರಕ್ತ ಕೇಳಲಿಲ್ಲ.

ಹೂವು ಕೊಡಲಿಲ್ಲ, ಫೋನ್ ನಂಬರ್ ಕೇಳಲಿಲ್ಲ ಎಂದು ಕೊರಗುವ ಹುಡುಗಿಯರುಂಟು. ರಕ್ತ ಕೇಳಲಿಲ್ಲವೆಂದು ಮುಖ ಸಪ್ಪಗೆ ಮಾಡಿಕೊಂಡವಳು ಇವಳೊಬ್ಬಳೇ ಇರಬೇಕು.

ಆ ಲ್ಯಾಬಿನ ಪದ್ಧತಿಯೇ ಹಾಗಿತ್ತು. ಮೈಯನ್ನು ಕಾಯುವ ಬಿಳಿ ರಕ್ತಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಹೇಗೆ, ಆ ಸುದ್ದಿ ದಾರಿ ತಪ್ಪಿದಾಗ ರೋಗ ಹುಟ್ಟುವುದು ಹೇಗೆ ಎಂದು ನೋಡುವುದು ಅಲ್ಲಿನ ಕೆಲಸ. ರೋಗಿಗಳ ರಕ್ತದ ಪಕ್ಕದಲ್ಲಿಟ್ಟು ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕು. ಅದಕ್ಕೆ ಲ್ಯಾಬಿನವರೇ ತೋಳು ಚಾಚುತ್ತಿದ್ದರು. ಒಂದೇ ಕಟ್ಟುನಿಟ್ಟು: ತನ್ನ ರಕ್ತದ ಮೇಲೆ ತಾನು ಕೆಲಸ ಮಾಡಕೂಡದು. ಅಲ್ಲಿ ಕೆಲವು ಕಣಗಳಿಗೆ ವೈರಸ್ ಸೇರಿಸಿ, ಸಾವೇ ಇಲ್ಲದಂತೆ ಬೆಳೆಸುತ್ತಿದ್ದರು. ಅಂಥದ್ದು ಸೂಜಿಯ ತುದಿಯಿಂದ ಮೈಯೊಳಗೆ ಹೊಕ್ಕರೆ? ಪರರದ್ದಾದರೆ ಮೈ ಗುರುತು ಹಿಡಿದು ಮುಗಿಸಿಬಿಡುತ್ತದೆ. ತನ್ನದೇ ಆದರೆ, ಮನೆಯವರೇ ಬಂದರೆಂದು ಸುಮ್ಮನಿದ್ದುಬಿಡುತ್ತದೆ. ಆಮೇಲೆ ಅದು ಒಳಗೆ ಕೂತು ಏನು ಮಾಡೀತೋ ಹೇಳುವವರಿಲ್ಲ.

ಹಾಗಾಗಿ ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಇಬ್ಬಿಬ್ಬರನ್ನು ಜೋಡಿ ಮಾಡಿದ್ದರು. ಮಂಗಳವಾರ ಮಂಗಳವಾರ ಇವಳ ರಕ್ತ ಅವನಿಗೆ, ಅವನ ರಕ್ತ ಇವಳಿಗೆ.

ಸೂಜಿ ಹಿಡಿದಾಗೆಲ್ಲ ಅವನು ತನ್ನ ಕೈಗೇ ಬುದ್ಧಿ ಹೇಳುವವನಂತೆ "ಮೆತ್ತಗೆ, ಮೆತ್ತಗೆ" ಎಂದು ಗೊಣಗುತ್ತಿದ್ದ. ಇವಳು ಅವನಿಗೆ ಅದನ್ನೇ ಹೆಸರಾಗಿಟ್ಟಳು. ಫ್ರೀಜರಿನ ಬಾಗಿಲು ಹಾಕಿ, ಮತ್ತೆ ಎಳೆದು ನೋಡಿ, ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬರುವ ಇವಳಿಗೆ ಅವನು ಡೌಟ್ ಮೇಡಂ ಎಂದ. ಲೆಕ್ಕ ಸರಿಹೋಯಿತು.

ಕಂಪ್ಯೂಟರಿನ ಪರದೆಯ ಮೇಲೆ ಒಬ್ಬೊಬ್ಬರ ರಕ್ತಕಣಗಳೂ ಚುಕ್ಕಿಗಳಾಗಿ ಗುಂಪು ಕಟ್ಟಿಕೊಂಡು ಕೂರುತ್ತವೆ. ಅವನ ರಕ್ತದಲ್ಲಿ ಮಾತ್ರ ಬಲಮೂಲೆಯಲ್ಲಿ ಪುಟ್ಟದೊಂದು ಗುಂಪು, ಯಾರ ಹಂಗೂ ಬೇಡವೆಂಬಂತೆ ಬೇರೆಯೇ ಕೂತಿರುತ್ತಿತ್ತು.

"ನನ್ನ ಹಿಂದಿನ ಬೆಂಚಿನವರು ಹೇಗಿದ್ದಾರೆ?" ಎಂದು ಅವನು ಕೇಳುವುದು ರೂಢಿ.

"ಅಟೆಂಡೆನ್ಸ್ ಇದೆ. ಓದೋದು ಮಾತ್ರ ಇಲ್ಲ."

"ಯಜಮಾನನ ಹಾಗೇ ಬಿಡಿ."

"ನನ್ನವು?"

"ನಿಮ್ಮವು ಹೇಳಿದ ಮಾತು ಕೇಳೋ ಮಕ್ಕಳು. ಕರೆದ್ರೆ ಎದ್ದು ನಿಲ್ತಾವೆ. ಕರೀದಿದ್ರೆ ಗಪ್‌ಚಿಪ್."

ಕರೆಯುವುದು ಎಂದರೆ ಇಷ್ಟೇ. ಒಬ್ಬರ ರಕ್ತವನ್ನು ಎರಡು ಟ್ಯೂಬಿಗೆ ಹಂಚಿ, ಒಂದಕ್ಕೆ ಕಣಗಳನ್ನು ಎಚ್ಚರಿಸುವ ಸುದ್ದಿಯ ರಸಾಯನ ಹಾಕುವುದು, ಇನ್ನೊಂದಕ್ಕೆ ಏನೂ ಹಾಕದಿರುವುದು. ಪರದೆಯ ಮೇಲೆ ಮೊದಲನೆಯದು ಬೆಳಗಬೇಕು, ಎರಡನೆಯದು ಕತ್ತಲಾಗಿರಬೇಕು. ಆರೋಗ್ಯವೆಂದರೆ ಅದೇ.

ಈ ಮಂಗಳವಾರ ಇವಳೇ ಕೋಟಿನ ತೋಳು ಮಡಿಸಿಕೊಂಡು ಹೋಗಿ ನಿಂತಳು. "ಈ ವಾರಾನೂ ಬೇಡ್ವಾ?"

"ಹಳೇದು ಫ್ರೀಜರಲ್ಲಿ ಉಳಿದಿದೆ," ಎಂದ. ಮುಖ ನೋಡಲಿಲ್ಲ. ನೋಡಿದ್ದು ಇವಳ ಬೆರಳುಗಳನ್ನು. ಗೆಣ್ಣು ಗೆಣ್ಣು ಎಣಿಸುವವನಂತೆ, ನಿಧಾನವಾಗಿ.

ಇವಳು ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡಳು.

*

ಬೆರಳೆಂದರೆ ಇವಳ ಮನೆಯಲ್ಲಿ ಭಯ. ಅಮ್ಮನ ಬೆರಳುಗಳು ಗಾಳಿಗೆ ಬಾಗಿದ ಕೊಂಬೆಗಳಂತೆ ಒಂದೇ ಕಡೆಗೆ ವಾಲಿದ್ದವು. ಹೊರಡುವ ಮುನ್ನ ಇವಳು ಡಬ್ಬಿಗಳ ಮುಚ್ಚಳ ಸಡಿಲ ಮಾಡಿಟ್ಟು, ಅಮ್ಮನ ರವಿಕೆಯ ಹುಕ್ ಹಾಕಿ, ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸದೆ ಬಿಡಬೇಕು. ಅಮ್ಮನನ್ನು ಕಾಯಬೇಕಾದ ಕಣಗಳೇ ಅಮ್ಮನ ಕೀಲುಗಳನ್ನು ತಿಂದಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅದಕ್ಕೇ ಇವಳು ಈ ವಿದ್ಯೆ ಓದಿದ್ದು, ಅದಕ್ಕೇ ಬಂದ ಸಂಬಂಧಗಳಿಗೆಲ್ಲ ಬೇಡವೆಂದದ್ದು. ದಿನವೂ ಕಣ್ಣು ಬಿಟ್ಟ ಕೂಡಲೇ ಹೊದಿಕೆಯೊಳಗೇ ಮುಷ್ಟಿ ಬಿಗಿದು ನೋಡುವಳು. ಬಿಗಿಯಾಯಿತೇ? ಆಯಿತು. ಹಾಗಾದರೆ ಇವತ್ತಿಗೆ ಬದುಕಿದೆ.

"ಏನೇ, ಆ ಮೆತ್ತಗೆ ಜೊತೆ ಜಗಳಾನಾ?" ಎಂದಳು ಅಮ್ಮ.

"ಜಗಳ ಆಡೋಕೆ ಅವರ್ಯಾರಮ್ಮ ನಂಗೆ?"

"ಯಾರೂ ಅಲ್ವೇನೋ. ಯಾರೂ ಅಲ್ಲದವರ ಸುದ್ದಿ ಊಟಕ್ಕೆ ಕೂತಾಗೆಲ್ಲ ಬರ್ತಿತ್ತು. ಈಗ ಉಪ್ಪು ಬೇಕಾ ಅಂದ್ರೂ ಮಾತಿಲ್ಲ." ಅಮ್ಮ ತಡೆದು, ದನಿ ತಗ್ಗಿಸಿ ಕೇಳಿದಳು. "ಕೈ ನೋಯ್ತಿದೆಯೇನೇ?"

"ಇಲ್ಲಮ್ಮ."

"ಎದ್ದ ತಕ್ಷಣ ಮುಷ್ಟಿ ಹಿಡಿದು ಬಿಡ್ತೀಯ. ನಾನೇನು ಕುರುಡೀನಾ?"

"ಅದು ಸುಮ್ನೆ ವ್ಯಾಯಾಮ."

"ನಾನೂ ನಮ್ಮಮ್ಮಂಗೆ ಹಾಗೇ ಹೇಳ್ತಿದ್ದೆ," ಎಂದಳು ಅಮ್ಮ.

*

ವಾರದ ಮೀಟಿಂಗಿನಲ್ಲಿ ಅವನ ಸರದಿ ಬಂತು. ಗೋಡೆಯ ಮೇಲೆ ಆರೋಗ್ಯವಂತರ ಗ್ರಾಫುಗಳು ಮೂಡಿದವು. ಹೆಸರಿಲ್ಲ, ನಂಬರು ಮಾತ್ರ. ಆದರೆ ಯಾವ ನಂಬರು ಯಾರದ್ದೆಂದು ಜೋಡಿಗಳಿಗೆ ಗೊತ್ತು. ಇವಳ ನಂಬರಿನ ಎರಡನೆಯ ಟ್ಯೂಬು ಅಚ್ಚ ಕತ್ತಲಾಗಿತ್ತು.

ಸುಮ್ಮನೆ ಹೆದರಿದೆನಲ್ಲ ಎಂದುಕೊಂಡಳು. ನಗು ಬರುವುದರಲ್ಲಿತ್ತು.

ಅಷ್ಟರಲ್ಲಿ ಕಣ್ಣು ಬಲಮೂಲೆಗೆ ಹೋಯಿತು.

ಅಲ್ಲಿ ಪುಟ್ಟದೊಂದು ಗುಂಪು, ಯಾರ ಹಂಗೂ ಬೇಡವೆಂಬಂತೆ ಕೂತಿತ್ತು. ತಾಯಿ ಶಾಲೆಯ ಗುಂಪಿನಲ್ಲಿ ತನ್ನ ಮಗುವಿನ ತಲೆಯನ್ನು ಹಿಂದಿನಿಂದಲೇ ಗುರುತಿಸುವಂತೆ ಇವಳು ಗುರುತಿಸಿದಳು. ಹಿಂದಿನ ಬೆಂಚಿನವರು. ಆ ನಂಬರು ಇವಳದ್ದು, ಆ ರಕ್ತ ಅವನದ್ದು.

ಇವಳು ಅವನತ್ತ ನೋಡಿದಳು. ಅವನು ಆಗಲೇ ಇವಳನ್ನು ನೋಡುತ್ತಿದ್ದ. ಎಷ್ಟೋ ಸಲ ಕದ್ದು ನೋಡಿದ ಕಣ್ಣುಗಳೇ ಅವು. ಇವತ್ತು ಸಿಕ್ಕಿಬಿದ್ದ ಕಣ್ಣುಗಳು. ಮಾತು ಅರ್ಧಕ್ಕೆ ನಿಂತು, ಸ್ಲೈಡು ಮುಂದೆ ಸರಿಯಿತು.

ನನ್ನ ರಕ್ತವನ್ನು ಮುಚ್ಚಿಡಬೇಕಾದಂಥದ್ದು ಅದರಲ್ಲಿ ಏನಿತ್ತು? ಮೇಜಿನ ಕೆಳಗೆ ಇವಳ ಮುಷ್ಟಿ ತಾನಾಗಿ ಬಿಗಿಯಿತು.

*

ಕಣಗಳನ್ನು ಬೆಳೆಸುವ ಕೋಣೆಯಲ್ಲಿ ಫ್ಯಾನಿನ ಗುಂಯ್ ಸದ್ದೊಂದೇ. ಇವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಕೋಟ್ ತೋಳು ಮೇಲೆತ್ತಿ."

"ಡೌಟ್ ಮೇಡಂ, ನಾನು ಹೇಳ್ತೀನಿ..."

"ಮೊದಲು ಎತ್ತಿ."

ಎಡಮೊಣಕೈಯ ಒಳಮಡಿಕೆ ನೀಲಿಗಟ್ಟಿತ್ತು. ತಾನೇ ಒಂದು ಕೈಯಲ್ಲಿ ಚುಚ್ಚಿಕೊಂಡ ಗುರುತು. ಎಲ್ಲರಿಗೂ ಮೆತ್ತಗೆ, ತನಗೆ ಮಾತ್ರ ಹೀಗೆ.

"ನಿನ್ನ ರಕ್ತ ನೀನೇ ತಗೊಂಡು, ಅದರ ಮೇಲೆ ನೀನೇ ಕೆಲಸ ಮಾಡಿದ್ಯಾ? ಈ ಕೋಣೇಲಿ? ವೈರಸ್ ಹಾಕಿ ಬೆಳೆಸಿದ್ಯಾ?"

ಅವನು ಹೌದೆಂದು ತಲೆಯಾಡಿಸಿದ. "ಎಲ್ಲರದ್ದೂ ಬೆಳೆಸ್ಬೇಕಲ್ವಾ. ಒಂದು ಬಿಟ್ರೆ ಗೊತ್ತಾಗುತ್ತೆ."

"ತಲೆ ಕೆಟ್ಟಿದೆಯಾ ನಿಂಗೆ? ಒಂದು ಸೂಜಿ ತಾಗಿದ್ರೆ ಏನಾಗ್ತಿತ್ತು? ಕೈ ಕೊಡು. ಕೊಡು ಅಂದೆ!"

ಗ್ಲೌಸು ಎಳೆದು ಹಾಕಿ, ಅವನ ಬೆರಳುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತಿರುಗಿಸಿದಳು. ಎಷ್ಟು ದಿನ ಮುಟ್ಟಬೇಕೆಂದುಕೊಂಡು ಮುಟ್ಟದೆ ಬಿಟ್ಟ ಕೈಗಳು. ಈಗ ಹಿಡಿದಿದ್ದಳು, ಆದರೆ ಭಯದಲ್ಲಿ ಅದು ಗೊತ್ತೇ ಆಗಲಿಲ್ಲ. ಹೆಬ್ಬೆರಳ ಹತ್ತಿರ ಸಣ್ಣ ಗೀರು ಕಂಡಿತು.

"ಇದೇನು?"

"ರಟ್ಟಿನ ಪೆಟ್ಟಿಗೆ ತೆಗೀವಾಗ ಕುಯ್ದಿದ್ದು. ಮನೇಲಿ. ನಿಜವಾಗ್ಲೂ." ಅವನ ದನಿ ಮೆತ್ತಗಾಯಿತು. "ನೀವು ನನ್ನ 'ನೀನು' ಅಂದ್ರಿ."

"ನಗಬೇಡ. ಹೇಳು. ನನ್ನ ಟ್ಯೂಬಲ್ಲಿ ಏನಿತ್ತು?"

ಅವನು ಕೈ ಎಳೆದುಕೊಳ್ಳಲು ನೋಡಿದ. ಇವಳು ಅವನ ಕೈ ಬಿಡಲಿಲ್ಲ.

"ಏನೂ ಹಾಕದ ಟ್ಯೂಬು ಬೆಳಗ್ತಿತ್ತು," ಎಂದ ಕೊನೆಗೆ. "ಮೊದಲ ಸಲ ನಿಮಗೆ ನೆಗಡಿ ಇರ್ಬೇಕು ಅಂದ್ಕೊಂಡೆ. ಎರಡನೇ ಸಲ ನಾನೇ ತಪ್ಪಿ ರಸಾಯನ ಹಾಕಿದೀನಿ ಅಂದ್ಕೊಂಡೆ. ಮೂರನೇ ಸಲ ಏನು ಅಂದ್ಕೊಳ್ಳೋದು ಗೊತ್ತಾಗ್ಲಿಲ್ಲ. ಯಾರೂ ಕರೀದೆ ಎಲ್ಲಾ ಎದ್ದು ನಿಂತಿದ್ವು."

ಅಮ್ಮನಂಥವರ ರಕ್ತದಲ್ಲಿ ಹಾಗೇ ಇರುತ್ತದೆ. ಶತ್ರು ಇಲ್ಲದಿದ್ದರೂ ಕೂಗು, ಕೂಗಿಗೆ ಮರುಕೂಗು, ಸಾಕು ಎನ್ನುವ ಕಣಗಳ ಮಾತು ಯಾರೂ ಕೇಳದ ಗದ್ದಲ. ರೋಗ ಹೊರಗೆ ಕಾಣಿಸುವ ಎಷ್ಟೋ ಮೊದಲೇ ಒಳಗೆ ಈ ಗದ್ದಲ ಶುರುವಾಗಿರುವುದುಂಟು. ಇವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಂಗೆ ಯಾಕೆ ಹೇಳ್ಲಿಲ್ಲ?"

"ಒಂದು ದಿನ ನೀವೇ ಹೇಳಿದ್ರಿ, ಬೆಳಗ್ಗೆ ಮುಷ್ಟಿ ಹಿಡಿದು ನೋಡೋದು. ನಂಗೆ ಇದು ಗೊತ್ತಾದ್ಮೇಲೆ ನಿಮ್ಮ ಒಂದೊಂದು ಬೆಳಗ್ಗೆನೂ ನಾನೇ ಕಿತ್ಕೊಂಡ ಹಾಗಾಗುತ್ತೆ ಅನ್ನಿಸ್ತು. ಇನ್ನೊಂದು ವಾರ, ಇನ್ನೊಂದು ವಾರ ಅಂತ ಮುಂದೆ ಹಾಕ್ದೆ. ನಾನು ಹೇಡಿ."

"ಬೇಗ ಹಿಡಿದ್ರೆ ತಡೀಬಹುದಾದ ರೋಗ ಇದು. ನಮ್ಮಮ್ಮನ ಕೈ ಹಾಗಾಗಿದ್ದು ತಡವಾಗಿ ಗೊತ್ತಾಗಿದ್ದಕ್ಕೆ. ಬಚ್ಚಿಟ್ಟು ನೀನು ಕಿತ್ಕೊಂಡಿದ್ದು ನನ್ನ ಭಯಾನಲ್ಲ, ನನ್ನ ಸಮಯಾನ."

ಅವನು ಕೈ ಬಿಡಿಸಿಕೊಂಡು, ಕೋಟು ಬಿಚ್ಚಿ ಗೂಟಕ್ಕೆ ಹಾಕಿದ.

"ಎಲ್ಲಿಗೆ?"

"ದೊಡ್ಡ ಮೇಡಂ ಹತ್ರ. ಕೆಲಸ ಹೋದ್ರೂ ಹೋಗ್ಲಿ."

ಇವಳು ಅವನ ಹಿಂದೆಯೇ ನಡೆದಳು. ಸಿಟ್ಟಿನಲ್ಲಿ ಅರ್ಧ, ಅವನೊಬ್ಬನನ್ನೇ ಕಳಿಸಲಾರದೆ ಇನ್ನರ್ಧ.

ದೊಡ್ಡ ಮೇಡಂ ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು. "ಆ ಗ್ರಾಫ್ ಇವತ್ತೇ ತೆಗೆದು ಹಾಕು. ನಿನ್ನ ಕಣಗಳನ್ನೆಲ್ಲ ನಾನೇ ನಾಶ ಮಾಡಿಸ್ತೀನಿ. ಆ ಕೋಣೆಗೆ ನೀನು ಇನ್ನು ಕಾಲಿಡೋ ಹಾಗಿಲ್ಲ. ನಿನ್ನ ವಿಷಯ ಮೇಲಿನವರ ಹತ್ರ ಹೋಗುತ್ತೆ." ಆಮೇಲೆ ಇವಳ ಕಡೆ ತಿರುಗಿದರು. "ಮಗಳೇ, ಲ್ಯಾಬಿನ ಗ್ರಾಫು ರೋಗದ ತೀರ್ಪಲ್ಲ. ಕೀಲಿನ ಡಾಕ್ಟರಿಗೆ ನಾನೇ ಫೋನ್ ಮಾಡ್ತೀನಿ. ಹೋಗಿ ಬಾ." ಅವನನ್ನು ಮತ್ತೆ ನೋಡಿ, "ನೀನು ಜೊತೆಗೆ ಹೋಗು. ಅಷ್ಟಾದ್ರೂ ನೆಟ್ಟಗೆ ಮಾಡು," ಎಂದರು.

*

ಡಾಕ್ಟರು ಇವಳ ಒಂದೊಂದೇ ಗೆಣ್ಣು ಒತ್ತಿ ನೋಡಿದರು. ತಮ್ಮ ಎರಡು ಬೆರಳು ಮುಂದೆ ಮಾಡಿ, "ಗಟ್ಟಿಯಾಗಿ ಹಿಡೀರಿ," ಎಂದರು. ರಕ್ತ ಪರೀಕ್ಷೆಯ ಫಲ ಬಂದ ದಿನ ಕಾಗದ ಮೇಜಿನ ಮೇಲಿಟ್ಟು ಹೇಳಿದರು. "ಕಿಡಿ ಇದೆ, ಬೆಂಕಿ ಇಲ್ಲ. ಕೀಲುಗಳು ಚೆನ್ನಾಗಿವೆ. ರೋಗ ಬರಬಹುದು, ಬರದೇನೂ ಇರಬಹುದು. ಬಂದ್ರೆ ಮೊದಲ ದಿನವೇ ಹಿಡೀತೀವಿ. ನಿಮ್ಮ ತಾಯಿಗೆ ಆ ಅವಕಾಶ ಇರಲಿಲ್ಲ."

ಬರಬಹುದು, ಬರದೇನೂ ಇರಬಹುದು. ಇವಳ ಭಯಕ್ಕೆ ಇದಕ್ಕಿಂತ ದೊಡ್ಡ ಮನೆ ಬೇಕೇ?

ಹೊರಗಿನ ಬೆಂಚಿನಲ್ಲಿ ಅವನು ಕೂತಿದ್ದ. ಇವಳು ಪಕ್ಕದಲ್ಲಿ ಕೂತು, ಡಾಕ್ಟರು ಎರಡು ಬೆರಳು ಹಿಡಿಸಿ ನೋಡಿದ್ದೂ ಸೇರಿ ಎಲ್ಲ ಹೇಳಿದಳು. ಹೇಳಿ, ಮೊದಲೇ ಜೋಡಿಸಿಟ್ಟುಕೊಂಡಿದ್ದ ಮಾತನ್ನೂ ಆಡಿಬಿಟ್ಟಳು. "ನೀನು ಬೇರೆ ಯಾರನ್ನಾದ್ರೂ ನೋಡ್ಕೋ. ಒಂದು ದಿನ ನನ್ನ ಹುಕ್ಕು ನೀನು ಹಾಕ್ಬೇಕಾಗುತ್ತೆ, ಡಬ್ಬಿ ಮುಚ್ಚಳ ನೀನು ತೆಗೀಬೇಕಾಗುತ್ತೆ. ನಾನು ನೋಡಿದೀನಿ, ಅದು ಚೆಂದ ಇರಲ್ಲ."

"ಮುಚ್ಚಳ ತೆಗೆಯೋಕೆ ಬರುತ್ತೆ ನಂಗೆ."

"ತಮಾಷೆ ಬೇಡ. ನಂಗೆ ಹೆದರಿಕೆ ಆಗ್ತಿದೆ."

"ನಂಗೂ," ಎಂದ. "ಮೂರನೇ ಸಲ ನಿನ್ನ ಟ್ಯೂಬು ನೋಡಿದ ದಿನದಿಂದ ನಂಗೂ ನಿದ್ದೆ ಇಲ್ಲ. ರಕ್ತ ಬೆಳಗಿದ್ದಕ್ಕೆ ಯಾರಾದ್ರೂ ಇಷ್ಟು ಹೆದರ್ತಾರಾ ಅಂತ ನನ್ನನ್ನೇ ಕೇಳ್ಕೊಂಡೆ. ಬೇರೆಯವರದ್ದಾಗಿದ್ರೆ ಅವತ್ತೇ ಹೋಗಿ ಹೇಳ್ತಿದ್ದೆ. ನಿಂದು ಅಂತ ಕೈಕಾಲು ಆಡ್ಲಿಲ್ಲ. ನೀನು ಅಂದ್ರೆ ನಂಗೆ ಏನು ಅಂತ ಗೊತ್ತಾಗಿದ್ದೇ ಆಗ."

'ನೀನು' ಎಂದಿದ್ದ. ಇವಳು ಗಮನಿಸಿದಳು, ಗಮನಿಸದಂತೆ ಎದುರು ಗೋಡೆ ನೋಡಿದಳು. ಕಿವಿ ಮಾತ್ರ ಬಿಸಿಯಾಯಿತು.

"ಇನ್ನೊಂದ್ಸಲ ಬಚ್ಚಿಟ್ರೆ?"

ಅವನು ಡಾಕ್ಟರ ಹಾಗೆಯೇ ಎರಡು ಬೆರಳು ಮುಂದೆ ಚಾಚಿದ. "ಹೊದಿಕೆಯೊಳಗೆ ಒಬ್ಬಳೇ ಮುಷ್ಟಿ ಹಿಡಿದು ನೋಡೋದು ಸಾಕು. ಇದನ್ನ ಹಿಡಿದು ನೋಡು. ದಿನಾ ಹಿಡಿ. ಹಿಡಿತ ಸಡಿಲ ಆದ ದಿನ ಮೊದಲು ನಂಗೇ ಗೊತ್ತಾಗುತ್ತೆ, ಆ ಕ್ಷಣಾನೇ ಹೇಳ್ತೀನಿ. ಎಷ್ಟೇ ಹೆದರಿಕೆ ಆದ್ರೂ ಹೇಳ್ತೀನಿ."

ಇವಳು ಆ ಬೆರಳುಗಳನ್ನು ನೋಡಿದಳು. ಹೆಬ್ಬೆರಳ ಹತ್ತಿರದ ಗೀರು ಮಾಯುತ್ತಾ ಬಂದಿತ್ತು. ಅದನ್ನು ಇನ್ನೂ ಪೂರ್ತಿ ನಂಬಿರಲಿಲ್ಲ. ಅದರ ಮೇಲೂ ಒಂದು ಕಣ್ಣಿಡಬೇಕು. ಹಾಗೆಂದುಕೊಂಡೇ ಕೈ ಮುಂದೆ ಮಾಡಿ, ಇದ್ದ ಬಲವನ್ನೆಲ್ಲ ಹಾಕಿ ಹಿಡಿದಳು. ಅಷ್ಟು ದಿನದ ಭಯವನ್ನೂ, ಹೇಳದೆ ಉಳಿದದ್ದನ್ನೂ ಸೇರಿಸಿ ಹಿಡಿದಳು.

ಅವನು ಮುಖ ಕಿವುಚಿದ. ಕಣ್ಣಲ್ಲಿ ನೀರು ಬಂತು.

"ಮೆತ್ತಗೆ," ಎಂದ ಅವನು. "ಅಯ್ಯೋ, ಮೆತ್ತಗೆ!"

ಇವಳು ಬಿಡಲಿಲ್ಲ.