ಹದಿನಾಲ್ಕು ತುಂಡು ಕೊಳೆತ ಮಾಂಸ

ಹದಿನಾಲ್ಕು ತುಂಡು ಕೊಳೆತ ಮಾಂಸವನ್ನು ಚೀಲದಲ್ಲಿ ಹೊತ್ತುಕೊಂಡೇ ಅವಳು ಕತ್ತಿ ಹಿರಿದು ಅವನ ಮೇಲೆ ಎರಗಿದಳು.

ಗಾಬರಿ ಬೇಡ, ಇದು ಆಟ. ಮರ ಕಡಿದು, ಗಣಿ ತೋಡಿ, ಮನೆ ಕಟ್ಟಿಕೊಂಡು ಬದುಕಬೇಕಾದ ಫೋನಿನ ಆಟ. ಆದರೆ ನಮ್ಮ ನಾಯಕಿ ಅದರಲ್ಲಿ ಇಂದಿನವರೆಗೆ ಒಂದು ಗೋಡೆಯನ್ನೂ ಕಟ್ಟಿದವಳಲ್ಲ. ಸಿಕ್ಕವರನ್ನು ಹೊಡೆಯುವುದು, ಬಿದ್ದವರ ಚೀಲ ದೋಚುವುದು, ಇಷ್ಟೇ ಅವಳ ಕಸುಬು. ಆಟದಲ್ಲಿ ಅವಳ ಹೆಸರು ‘ಹದ್ದು’. ನಡೆದಾಡುವ ಹೆಣಗಳನ್ನು ಕೊಂದರೆ ಬೀಳುವ ಆ ಕೊಳೆತ ಮಾಂಸ ಯಾರಿಗೂ ಬೇಡದ ವಸ್ತು. ಎಸೆಯಲು ಸೋಮಾರಿತನ, ಅಷ್ಟೇ.

ಎದುರಿಗಿದ್ದವನ ಹೆಸರು ‘ಗುಜರಿ’. ಅವನು ತಿರುಗಿ ಹೊಡೆಯಲಿಲ್ಲ, ಓಡಲೂ ಇಲ್ಲ. ‘ಹಿಂದೆ ನೋಡಿ’ ಎಂದಷ್ಟೇ ಬರೆದ.

ಯಾರಿಗೆ ಹೇಳ್ತೀಯ ಎಂದುಕೊಂಡು ಅವಳು ಬೀಸಲು ಜಾಗ ಸಾಲದೆ ಒಂದು ಹೆಜ್ಜೆ ಹಿಂದೆ ಸರಿದಳು... ಹಿಂದೆ ಕಣಿವೆಯಿತ್ತು!

ಸತ್ತು, ಮತ್ತೆ ಹುಟ್ಟಿ, ಓಡೋಡಿ ಬಂದು ನೋಡಿದರೆ ಕಣಿವೆಯ ತಳದಲ್ಲಿ ಚೆಲ್ಲಿದ್ದ ಅವಳ ಸಾಮಾನನ್ನು ಗುಜರಿ ಒಂದೊಂದಾಗಿ ಹೆಕ್ಕುತ್ತಿದ್ದ. ಅವಳ ಕತ್ತಿ ಅವನ ಕೈಯಲ್ಲಿತ್ತು.

ಬೇರೇನು ಹೋಗಿದ್ದರೂ ಅವಳು ಹಾಳಾಗಲಿ ಎನ್ನುತ್ತಿದ್ದಳು. ಆ ಕತ್ತಿ ಅಪ್ಪ ಮಾಡಿಕೊಟ್ಟದ್ದು. ಹಾಸಿಗೆ ಹಿಡಿದ ಮೇಲೆ ಅಪ್ಪ, ಮಗಳ ಪಕ್ಕ ಕೂರಲು ಒಂದು ನೆವ ಬೇಕೆಂದು ಈ ಆಟ ಕಲಿತಿದ್ದರು. ನಡುಗುವ ಬೆರಳಿನಿಂದ ಮೂರು ದಿನ ಒದ್ದಾಡಿ ಆ ಕತ್ತಿ ಮಾಡಿ, ಅದಕ್ಕೆ ‘ಮಗಳಿಗೆ’ ಎಂದು ಹೆಸರಿಟ್ಟಿದ್ದರು. ಅಪ್ಪ ಹೋಗಿ ಎಂಟು ತಿಂಗಳಾಗಿತ್ತು.

‘ಥೂ, ಅಸಹ್ಯ’ ಎಂದು ಬರೆದು, ಉತ್ತರಕ್ಕೂ ಕಾಯದೆ ಅವನನ್ನು ಬ್ಲಾಕ್ ಮಾಡಿ ಫೋನನ್ನು ಮಂಚದ ಮೇಲೆ ಎಸೆದಳು. ತಾನು ದಿನಾ ಮಾಡುವ ಕೆಲಸವನ್ನೇ ಅವನೂ ಮಾಡಿದ್ದು ಎಂದು ಅವಳಿಗೆ ಹೊಳೆಯಲಿಲ್ಲ. ಅಂಥದ್ದು ಯಾರಿಗೆ ತಾನೇ ಬೇಗ ಹೊಳೆಯುತ್ತದೆ!

ಆಟದಲ್ಲಿ ಒಬ್ಬ ಅಸಹ್ಯದವನಾದರೆ, ಕೆಲಸದಲ್ಲಿ ಇನ್ನೊಬ್ಬ.

ಅವಳದು ಲಾಂಡ್ರಿಯೊಂದರ ಕೌಂಟರಿನ ಕೆಲಸ. ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುವವನೊಬ್ಬ ಹೊಸದಾಗಿ ಸೇರಿದ್ದ. ಬಟ್ಟೆಯ ಜೇಬಿನಲ್ಲಿ ಏನೇ ಸಿಕ್ಕರೂ ಅವನು ಸಣ್ಣ ಪೊಟ್ಟಣದಲ್ಲಿ ಹಾಕಿ, ಚೀಟಿ ಬರೆದು ಡ್ರಾಯರಿನಲ್ಲಿ ಇಡುತ್ತಿದ್ದ. ಅದಕ್ಕೇ ಎಲ್ಲರೂ ಅವನನ್ನು ಚೀಟಿ ಎಂದೇ ಕರೆಯುತ್ತಿದ್ದರು.

ಬೀಗದಕೈಯೋ ಉಂಗುರವೋ ಆದರೆ ಸರಿ. ಒಮ್ಮೆ ಅವಳು ಡ್ರಾಯರ್ ಎಳೆದು ನೋಡಿದಳು. ಮೂಗು ಒರೆಸಿ ಮುದ್ದೆ ಮಾಡಿದ ಕಾಗದ, ಜಗಿದು ಸುತ್ತಿಟ್ಟ ಚೂಯಿಂಗ್ ಗಮ್, ಕೂದಲು ಅಂಟಿದ ಅರ್ಧ ಪೆಪ್ಪರ್‌ಮಿಂಟು! ಪ್ರತಿಯೊಂದರ ಮೇಲೂ ದುಂಡಗಿನ ಅಕ್ಷರ: ‘ಕಂದು ಕೋಟಿನವರದು. ಬಂದರೆ ಕೊಡಬೇಕು. ಎಸೆಯಬೇಡಿ, ಎಸೆಯಬೇಡಿ.’

ಮನುಷ್ಯರಾದವರು ಇಂಥದ್ದನ್ನೆಲ್ಲ ಮುಟ್ಟುತ್ತಾರಾ ಎಂದು ಅವಳು ಅವನ ಮೇಲೆ ಉರಿದುಬಿದ್ದಳು.

"ಕಸ ಅಂತ ಅವರು ಹೇಳ್ಬೇಕು. ಅದನ್ನ ಹೇಳೋಕೆ ನಾನ್ಯಾರು?" ಎಂದ ಅವನು, ಬ್ರಷ್ಷಿನಿಂದ ಕಣ್ಣೆತ್ತದೆ.

ಅಂದಿನಿಂದ ಅವನು ಕೊಟ್ಟ ಲೋಟವನ್ನೂ ಅವಳು ಎರಡು ಸಲ ತೊಳೆದೇ ಕುಡಿಯುತ್ತಿದ್ದಳು.

ಎರಡು ವಾರ ಕಳೆಯಿತು. ಅಮ್ಮ ಕೊನೆಗೂ ಮನಸ್ಸು ಗಟ್ಟಿಮಾಡಿಕೊಂಡು ಅಪ್ಪನ ಸ್ವೆಟರನ್ನು ಒಗೆಯಲು ಕೊಟ್ಟಳು. ಅದರ ಜೇಬಿಗೆ ಕೈ ಹಾಕುವ ಧೈರ್ಯ ಮಗಳಿಗಾಗಲಿಲ್ಲ. ತನ್ನ ಹೆಸರು ಬರೆದು ಹಾಗೇ ಹಿಂದಿನ ಕೋಣೆಗೆ ತಳ್ಳಿಬಿಟ್ಟಳು.

ಮಧ್ಯಾಹ್ನ ಚೀಟಿ ತಾನೇ ಕೌಂಟರಿಗೆ ಬಂದು ಒಂದು ಪೊಟ್ಟಣ ಇಟ್ಟ. ಒಳಗೆ ಅಪ್ಪನ ಕರವಸ್ತ್ರ. ಕೆಮ್ಮಿನ ಕಫ ಒಣಗಿ ಗಟ್ಟಿಯಾಗಿತ್ತು.

"ಒಗೀಲಿಲ್ಲ," ಎಂದ. "ಒಗೀಬೇಕಾ ಬೇಡ್ವಾ ಅಂತ ನೀವೇ ಹೇಳಿ."

ಬೇರೆ ಯಾರ ಕೈಗೆ ಸಿಕ್ಕಿದ್ದರೂ ಅದು ಕಸದ ಬುಟ್ಟಿ ಸೇರುತ್ತಿತ್ತು. ತನ್ನ ಕೈಗೇ ಸಿಕ್ಕಿದ್ದರೆ? ತಾನೂ ಎಸೆಯುತ್ತಿದ್ದೆನೇನೋ... ಅವಳು ಪೊಟ್ಟಣವನ್ನು ಎದೆಗೊತ್ತಿಕೊಂಡು ಎಂಟು ತಿಂಗಳ ಅಳುವನ್ನೆಲ್ಲ ಒಟ್ಟಿಗೇ ಅತ್ತಳು. ಅವನು ಅಂಗಡಿಯ ಬಾಗಿಲಿಗೆ ‘ಹತ್ತು ನಿಮಿಷ’ ಎಂಬ ಹಲಗೆ ತಗುಲಿಸಿ, ಬೆನ್ನು ತಿರುಗಿಸಿ ನಿಂತ.

ಅಂದು ಸಂಜೆ ಅವಳಿಗೆ ಅಪ್ಪನ ಕತ್ತಿ ಬೇಕೇಬೇಕು ಎನಿಸಿತು. ಗುಜರಿಯ ಮನೆಗೆ ನುಗ್ಗಿ ದೋಚಿಯಾದರೂ ತರುತ್ತೇನೆ ಎಂದು ಆಟದೊಳಗೆ ಇಳಿದಳು.

ಕಣಿವೆಯ ಪಕ್ಕದಲ್ಲೇ ಅವನ ಗುಡಿಸಲು. ಬಾಗಿಲಿಗೆ ಅಗುಳಿಯಿರಲಿಲ್ಲ. ಒಳಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಹಲಗೆ.

‘ಹದ್ದಿನದು. ಬಂದರೆ ಕೊಡಬೇಕು. ಎಸೆಯಬೇಡಿ, ಎಸೆಯಬೇಡಿ.’

ಅವಳ ಬೆರಳು ಫೋನಿನ ಮೇಲೆ ಹಾಗೇ ನಿಂತುಹೋಯಿತು. ಜಗತ್ತಿನಲ್ಲಿ ಹೀಗೆ ಎರಡೆರಡು ಸಲ ಬರೆಯುವವರು ಇನ್ನೆಷ್ಟು ಜನ ಇದ್ದಾರು!

ಪೆಟ್ಟಿಗೆಯೊಳಗೆ ಕತ್ತಿ ಇತ್ತು. ಅವಳ ರೊಟ್ಟಿ, ಬಾಣ, ಪಂಜು ಎಲ್ಲ ಇದ್ದವು. ಮೂಲೆಯಲ್ಲಿ ಕೊಳೆತ ಮಾಂಸ. ಎಣಿಸಿದಳು. ಹದಿನಾಲ್ಕು.

ನೆಲಕ್ಕೆ ಬಿದ್ದದ್ದು ಐದು ನಿಮಿಷದಲ್ಲಿ ಮಾಯವಾಗುವ ಆಟವಿದು. ಅವನು ದೋಚುತ್ತಿರಲಿಲ್ಲ, ಉಳಿಸುತ್ತಿದ್ದ. ಅವಳಿಗೆ ಆಗ ನಿಜವಾದ ಅಸಹ್ಯ ಹುಟ್ಟಿತು, ತನ್ನ ಮೇಲೆಯೇ. ಇದುವರೆಗೆ ಯಾರ್‍ಯಾರ ಚೀಲದಿಂದ ಯಾರ್‍ಯಾರ ಅಪ್ಪ ಮಾಡಿಕೊಟ್ಟದ್ದನ್ನು ಎತ್ತಿಕೊಂಡಿದ್ದೆನೋ... ಆ ಅಸಹ್ಯದ ನಡುವೆಯೇ, ಕಫದ ಕರವಸ್ತ್ರವನ್ನು ಎರಡು ಕೈಯಲ್ಲಿ ಹಿಡಿದು ತಂದವನ ಮುಖ ನೆನಪಾಗಿ, ಅವನೆಂದರೆ ತನಗೆ ಪ್ರೀತಿ ಎಂದು ಅವಳಿಗೆ ಗೊತ್ತಾಯಿತು.

ಕತ್ತಿಯೊಂದನ್ನು ಮಾತ್ರ ತೆಗೆದುಕೊಂಡು ಬಾಗಿಲು ಮುಚ್ಚಿ ಬಂದಳು.

ಮರುದಿನ ಬೆಳಿಗ್ಗೆ ಚೀಟಿ ತನ್ನ ಕೋಟನ್ನು ಮೊಳೆಗೆ ಹಾಕಿ ಒಳಗೆ ಹೋದ. ತಿರುಗಿ ಬರುವಷ್ಟರಲ್ಲಿ ಅದರ ಕಾಲರಿಗೆ ಒಂದು ಚೀಟಿ ಪಿನ್ನು ಮಾಡಿತ್ತು.

‘ಹದ್ದಿನದು. ಎಸೆಯಬೇಡಿ, ಎಸೆಯಬೇಡಿ.’

ಅವನು ಮೂರು ಸಲ ಓದಿದ. ಹದ್ದು ಎಂದರೆ ಯಾರೋ ದಪ್ಪ ಮೀಸೆಯ ಗಂಡಸು ಎಂದುಕೊಂಡಿದ್ದೆ ಎಂದು ತೊದಲಿದ.

"ಚೀಟಿ... ಕೋಟಿಗಾ?"

"ಕೋಟು ಹಾಕ್ಕೊಳ್ಳೋರಿಗೆ."

"ನನ್ನನ್ನ ಕಂಡ್ರೆ ನಿಮಗೆ ಅಸಹ್ಯ ಅಲ್ವಾ?"

"ಆ ಡ್ರಾಯರ್ ಕಂಡ್ರೆ ಈಗಲೂ ಅಸಹ್ಯ. ನಿನ್ನ ಕಂಡ್ರೆ ಅಲ್ಲ."

ಅವನ ಕಿವಿ ಕೆಂಪಾಯಿತು. ಬೈಯುವುದಕ್ಕಾದರೂ ಅವಳು ತನ್ನ ಮೇಜಿನ ತನಕ ಬರಲಿ ಎಂದು ದಿನಾ ಕಾಯುತ್ತಿದ್ದುದನ್ನು ಮೆಲ್ಲಗೆ ಒಪ್ಪಿಕೊಂಡ. ಆಮೇಲೆ ಏನೋ ನೆನಪಾದವನಂತೆ ಹೇಳಿದ.

"ಕತ್ತಿ ಒಂದೇ ತಗೊಂಡು ಹೋಗಿದ್ದೀಯ. ಮಾಂಸ ಅಲ್ಲೇ ಇದೆ."

"ಇರ್ಲಿ ಬಿಡು, ನಿನ್ನ ಹತ್ರಾನೇ."

"ಅದು ಯಾಕೆ?"

"ನಿನ್ನ ಪಕ್ಕ ಬಂದು ಕೂರೋಕೆ ನನಗೂ ಒಂದು ನೆವ ಬೇಕಲ್ಲ."